ಅಲಸಂಡೆ ಚಪ್ಪರದಲ್ಲಿ ನೇತಾಡಿದ ಯುದ್ಧ

ಪುತ್ತೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ಇಂಥದ್ದು ತಿಂಗಳಿಗೊಂದಾದರೂ ಎದುರಾಗುತ್ತದೆ. ಬರೆಯುತ್ತಿರುವುದು ಮಾತ್ರ ಇದೇ ಮೊದಲು. ಯಾರಿಗೂ ಅರ್ಥವಾಗದೆ ಹೋಗಬಾರದೆಂದು ಅಲ್ಲಲ್ಲಿ ಜಾಸ್ತಿ ವಿವರಿಸಿದ್ದೇನೆ, ಬೇಡವಾದದ್ದನ್ನು ಬಿಟ್ಟು ಓದಬಹುದು.

೧. ಸಿಡಿ ಹಾಕುದು ಎಲ್ಲಿಂದ?

ನರಿಮೊಗರಿನ ನಿವೃತ್ತ ಗಣಿತ ಮಾಸ್ಟ್ರು ಹೊಸ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟರು.

"ಇದಕ್ಕೆ ಸಿಡಿ ಹಾಕುದು ಎಲ್ಲಿಂದ ಮಾರಾಯ್ರೆ? ನಾಲ್ಕೂ ಬದಿ ನೋಡಿದೆ, ಅಡಿಯಲ್ಲೂ ನೋಡಿದೆ."

ಈಗಿನವುಗಳಿಗೆ ಆ ಜಾಗವೇ ಇಲ್ಲ, ಹೊರಗಿನಿಂದ ಜೋಡಿಸುವ ಡ್ರೈವ್ ಕೊಡುತ್ತೇನೆ ಎಂದೆ. ಯಾವ ಸಿಡಿ ಎಂದು ಕೇಳಿದ್ದಕ್ಕೆ ಕಥೆ ಹೊರಗೆ ಬಂತು.

ಇಪ್ಪತ್ತು ವರ್ಷದ ಹಿಂದೆ ಮಾಸ್ಟ್ರು ಮತ್ತು ಅವರ ಹೆಂಡತಿಯ ತಮ್ಮ, ಅಂದರೆ ಬೆಳ್ಳಾರೆಯ ಭಾವ, ಪ್ರತಿ ಭಾನುವಾರ ಯುದ್ಧದ ಆಟ ಆಡುತ್ತಿದ್ದರಂತೆ. ರಾಜ್ಯ ಕಟ್ಟುವುದು, ಸೈನ್ಯ ಸಾಕುವುದು, ಪಕ್ಕದವನ ಊರು ಹಿಡಿಯುವುದು. ಒಂದೇ ಕಂಪ್ಯೂಟರಿನಲ್ಲಿ, ಚದುರಂಗದ ಹಾಗೆ ಒಬ್ಬರ ನಂತರ ಒಬ್ಬರು. ಮಾಸ್ಟ್ರು ಕೆಂಪು ರಾಜ, ಭಾವ ನೀಲಿ ರಾಜ. ಹಸಿರು ರಾಜ ಅಂತ ಮೂರನೆಯವನೂ ಇದ್ದ, ಅವನನ್ನು ಕಂಪ್ಯೂಟರೇ ಆಡಿಸುತ್ತಿತ್ತು. ಬೇಕಾದರೆ ಮನುಷ್ಯರು ಯಾರಾದರೂ ಅವನನ್ನು ವಹಿಸಿಕೊಳ್ಳಬಹುದು. ಆದರೆ ಆ ಮನೆಯಲ್ಲಿ ಮೂರನೆಯವರು ಯಾರೂ ಇರಲಿಲ್ಲ ಎಂದರು ಮಾಸ್ಟ್ರು.

ಭಾವನ ಮದುವೆಯ ಗಡಿಬಿಡಿಯಲ್ಲಿ ಆಟಕ್ಕೆ ಎರಡು ತಿಂಗಳು ರಜೆ ಬಿತ್ತು. ಅಷ್ಟರಲ್ಲಿ ಸಿಡಿಲು ಬಡಿದು ಕಂಪ್ಯೂಟರ್ ಹೋಯಿತು. ಅಂದಿನಿಂದ ಒಟ್ಟಿಗೆ ಊಟಕ್ಕೆ ಕೂತಾಗಲೆಲ್ಲ "ನಾನೇ ಗೆಲ್ತಿದ್ದೆ", "ಇಲ್ಲ, ನಾನು" ಎಂಬ ಚರ್ಚೆ. ಈಗ ಕರಾರಾಗಿದೆ: ಬರುವ ಭಾನುವಾರ ಹಳೆ ಯುದ್ಧವನ್ನು ಅಲ್ಲಿಂದಲೇ ಮುಂದುವರಿಸುವುದು, ಸೋತವರು ಜನ್ಮದಲ್ಲಿ ಆ ಮಾತು ಎತ್ತಬಾರದು.

ಸುಟ್ಟ ಕಂಪ್ಯೂಟರಿನಿಂದ ತೆಗೆದಿಟ್ಟಿದ್ದ ಹಾರ್ಡ್ ಡಿಸ್ಕನ್ನೂ ಮಾಸ್ಟ್ರು ತಂದಿದ್ದರು, ಅದರಲ್ಲಿ ಅವರ ಯುದ್ಧ ಜೀವಂತ ಸಿಕ್ಕಿತು. ಆದರೆ ಆ ಕಾಲದ ಆಟಗಳು ಸಿಡಿ ತೋರಿಸದೆ ಒಳಗೆ ಬಿಡುವುದಿಲ್ಲ.

"ಸಿಡಿ ಎಲ್ಲುಂಟು ಮಾಸ್ಟ್ರೇ?"

ಅವರು ಫ್ಯಾನು ನೋಡುತ್ತಾ ಹೇಳಿದರು, "ಅಲಸಂಡೆ ಚಪ್ಪರದಲ್ಲಿ."

೨. ಎಂಟರಲ್ಲಿ ಒಂದು

ನಮ್ಮ ಕಡೆ ಹಳೆ ಸಿಡಿಗಳನ್ನು ತರಕಾರಿ ಚಪ್ಪರಕ್ಕೆ ದಾರದಲ್ಲಿ ಕಟ್ಟುತ್ತಾರೆ. ಬಿಸಿಲಿಗೆ ಮಿಂಚಿದರೆ ನವಿಲು ಬರುವುದಿಲ್ಲ ಎಂದು ನಂಬಿಕೆ. ನಾನು ಮಾಸ್ಟ್ರ ಮನೆಗೆ ಹೋದಾಗ ಒಂದು ನವಿಲು ಸಿಡಿಯಲ್ಲಿ ಮುಖ ನೋಡಿಕೊಂಡು ಅಲಸಂಡೆ ತಿನ್ನುತ್ತಿತ್ತು.

ಎಂಟು ಸಿಡಿ ಇದ್ದವು. ಎಲ್ಲದರ ಹೆಸರೂ ಬಿಸಿಲಿಗೆ ಮಾಸಿತ್ತು.

"ಕಟ್ಟಿದ್ದು ನಾನೇ," ಎಂದರು ಮಾಸ್ಟ್ರ ಹೆಂಡತಿ. "ಅದು ಕೈಗೆ ಸಿಗದಿದ್ರೆ ಊಟದ ಹೊತ್ತಿಗಾದ್ರೂ ಶಾಂತಿ ಇರ್ತದೆ ಅಂತ." ಮತ್ತೆ ದಾರ ಬಿಚ್ಚುತ್ತಾ ಕೇಳಿದರು, "ಆ ಹಸಿರಿನವ ಈಗಲೂ ಇದ್ದಾನಾ?"

"ಅವ ಲೆಕ್ಕಕ್ಕಿಲ್ಲ," ಎಂದರು ಮಾಸ್ಟ್ರು.

ಅಂಗಡಿಯಲ್ಲಿ ಸಾಬೂನು ಹಾಕಿ ತೊಳೆದು, ಗೀರುಗಳಿಗೆ ಟೂತ್‌ಪೇಸ್ಟ್ ಉಜ್ಜಿ (ಇದು ನಮ್ಮ ಕಸುಬಿನ ನಾಟಿ ಮದ್ದು) ಒಂದೊಂದೇ ಹಾಕಿ ನೋಡಿದೆ. ಮೂರನೆಯದ್ದು ಭಾವನ ಮದುವೆಯ ವಿಡಿಯೋ. ಧಾರೆಯ ಹೊತ್ತಿಗೆ ಮದುಮಗ ಪಕ್ಕಕ್ಕೆ ಬಾಗಿ ಮಾಸ್ಟ್ರ ಕಿವಿಯಲ್ಲಿ ಗಂಭೀರವಾಗಿ ಏನೋ ಕೇಳುತ್ತಿದ್ದ.

"ಎಂತ ಕೇಳಿದ್ದು?" ಎಂದೆ ಕುತೂಹಲಕ್ಕೆ, ಪಕ್ಕದಲ್ಲಿ ಕೂತಿದ್ದ ಮಾಸ್ಟ್ರಲ್ಲಿ.

"ನನ್ನ ದಕ್ಷಿಣದ ಕೋಟೆ ಹಾಗೇ ಉಂಟಲ್ಲ ಅಂತ."

೩. ವೇಗದ ರೋಗ

ಆರನೆಯದ್ದು ಆಟ. ಆದರೆ ಮೌಸ್ ಪರದೆಯ ಅಂಚಿಗೆ ತಾಗಿದ್ದೇ ತಡ, ಆಟದ ನಕ್ಷೆ ಓಡಿತು. ಸುಳ್ಯಕ್ಕೆಂದು ಹೊರಟವ ಕಣ್ಣು ಮಿಟುಕಿಸುವುದರೊಳಗೆ ಕಲ್ಲುಗುಂಡಿ ದಾಟಿ ಮಡಿಕೇರಿ ತಲುಪಿದ ಹಾಗೆ. ಆಟವನ್ನು ಆ ಕಾಲದ ನಿಧಾನದ ಕಂಪ್ಯೂಟರಿಗೆಂದು ಮಾಡಿದ್ದಲ್ಲವೇ, ಅದಕ್ಕೆ. ಹೊಸ ಕಂಪ್ಯೂಟರನ್ನು ಹಳೆಯದರಂತೆ ನಟಿಸುವಂತೆ ಮಾಡಬೇಕು ಎಂದೆ.

"ಲ್ಯಾಪ್‌ಟಾಪ್ ಕೊಟ್ಟವ ಬಹಳ ಸ್ಪೀಡು ಅಂತ ಹೊಗಳಿ ಕೊಟ್ಟದ್ದು. ನೀವು ಅದನ್ನೇ ರೋಗ ಅಂತೀರಿ."

ನಿಧಾನ ಮಾಡಿದೆ. ಯಾರು ಮುಂದಿದ್ದಾರೆ ಎಂದು ತಿಳಿಯುವ ಆಸೆ ತಡೆಯದೆ ಹಳೆ ಯುದ್ಧ ತೆರೆಯಲು ಹೋದರೆ, ಮಾಸ್ಟ್ರು ನನ್ನ ಕೈ ಹಿಡಿದರು.

"ಪ್ರಶ್ನೆಪತ್ರಿಕೆಯನ್ನು ಪರೀಕ್ಷೆಯ ದಿನವೇ ಒಡೆಯುದು."

೪. ಭಾನುವಾರ

ಭಾವ ಬೆಳ್ಳಾರೆಯಿಂದ ಮೊದಲ ಬಸ್ಸಿಗೇ ಬಂದಿದ್ದರು. ಏನಾದರೂ ಕೆಟ್ಟರೆ ಇರಲಿ ಎಂದು ಮಾಸ್ಟ್ರು ನನ್ನನ್ನೂ ಮನೆಗೆ ಕರೆಸಿ ಕೂರಿಸಿಕೊಂಡಿದ್ದರು. ಮಾಸ್ಟ್ರು ಕನ್ನಡಕ ಒರೆಸಿ ಯುದ್ಧ ತೆರೆದರು.

ಕೆಂಪಿಗೆ ಒಂದು ಊರು. ನೀಲಿಗೆ ಒಂದು ದ್ವೀಪ, ಒಂದು ದೋಣಿ. ಉಳಿದದ್ದೆಲ್ಲ ಹಸಿರು.

"ಆಗಿನ ಕಂಪ್ಯೂಟರ್ ಇಷ್ಟು ಹುಷಾರಿತ್ತಾ?" ಎಂದರು ಭಾವ.

ನಾನು ಬಗ್ಗಿ ನೋಡಿದೆ. "ಹಸಿರನ್ನು ಆಡಿಸಿದ್ದು ಕಂಪ್ಯೂಟರ್ ಅಲ್ಲ. ಮನುಷ್ಯರು ಅಂತ ತೋರಿಸ್ತಾ ಉಂಟು."

ಮಾಸ್ಟ್ರ ಹೆಂಡತಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಮದುವೆ ಅಂತ ಎರಡು ತಿಂಗಳು ನೀವಿಬ್ರೂ ಊರೂರು ತಿರುಗಿದ್ದಲ್ಲ. ನನಗೆ ಮಧ್ಯಾಹ್ನ ಪುರುಸೊತ್ತಿತ್ತು. ನಿಮ್ಮ ಸರದಿ ಬಂದಾಗ ಸುಮ್ಮನೆ 'ಮುಂದೆ' ಅಂತ ಒತ್ತುದು."

"ನನ್ನ ದಕ್ಷಿಣದ ಕೋಟೆ, ಅಕ್ಕ?"

"ನಿನ್ನ ಧಾರೆಯ ಹಿಂದಿನ ದಿನ ಹಿಡಿದದ್ದು."

"ಮೂರನೆಯವರು ಕೂರುದಾದ್ರೆ ಹೇಳ್ಬೇಕಿತ್ತು," ಎಂದರು ಮಾಸ್ಟ್ರು.

"ಹೇಳಿದ್ರೆ ನೀವು ಕೋಟೆ ಗಟ್ಟಿ ಮಾಡ್ತಿರ್ಲಿಲ್ವಾ?"

ಕರಾರಿನ ಪ್ರಕಾರ ಸೋತವರಿಬ್ಬರೂ ಮಾತೆತ್ತುವ ಹಾಗಿರಲಿಲ್ಲ. ಭಾವ ಮೆಲ್ಲ ಕೇಳಿದರು, "ಈಗ ಯಾರ ಸರದಿ?"

ಪರದೆಯ ಮೂಲೆಯಲ್ಲಿ ಹಸಿರು ಬಾವುಟ ಮಿನುಗುತ್ತಿತ್ತು. ಮಾಸ್ಟ್ರ ಹೆಂಡತಿ ಚಹಾದ ತಟ್ಟೆಯನ್ನು ತಮ್ಮನ ಕೈಗೆ ಕೊಟ್ಟು, ಸೆರಗಿಗೆ ಕೈ ಒರೆಸಿ, ಗಂಡನಿಗೆ ಹೇಳಿದರು:

"ಸ್ವಲ್ಪ ಸರೀರಿ. ಹಿಡಿಯಲಿಕ್ಕೆ ಇನ್ನು ಎರಡೇ ಉಂಟು."