ಹುಡುಗಿಯ ಮಾಮಾ ಯಾಕ ಬೆವತ?

ರೋಗಗಳಲ್ಲೂ ಮಾನಮರ್ಯಾದೆಯ ತರತಮವಿದೆ ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿಯಿತು. ಹೃದಯಕ್ಕೆ ಏನಾದರೂ ಆದವನನ್ನು ನೋಡಲು ನೆಂಟರು ಮೋಸಂಬಿ ಹಿಡಿದುಕೊಂಡು ಬರುತ್ತಾರೆ. ಸಕ್ಕರೆ ಕಾಯಿಲೆಯವನಿಗೆ ಮದುವೆಮನೆಯಲ್ಲಿ ಬೇರೆಯೇ ಚಹಾ ಬರುತ್ತದೆ, ಅವನು ಅದನ್ನು ಸನ್ಮಾನ ಸ್ವೀಕರಿಸಿದಷ್ಟು ಗಂಭೀರವಾಗಿ ಸ್ವೀಕರಿಸುತ್ತಾನೆ. ಮೊಣಕಾಲು ನೋವಿನವರಂತೂ ಎಲ್ಲಿ ಸೇರಿದರೂ ಅಲ್ಲೊಂದು ಸಭೆಯಾಗುತ್ತದೆ. ಆದರೆ "ಏನಾಗ್ಯದರಿ?" ಎಂದು ಕೇಳಿದವರಿಗೆ "ಬೆವರು ಬರ್ತದರಿ" ಎಂದು ಹೇಳಿ ನೋಡಿ. ಅದೂ ಕಲ್ಲಿನ ಗಣಿಗಳ ನಡುವೆ ಕುಳಿತಿರುವ ನಮ್ಮ ಶಹಾಬಾದದಲ್ಲಿ. "ನಮಗೇನ್ ಪನ್ನೀರ್ ಬರ್ತದೇನ್ರಿ?" ಎಂದು ಕೇಳಿ ಮುಂದೆ ಹೋಗುತ್ತಾರೆ.

ನನ್ನದೊಂದು ಸಣ್ಣ ಪಾತ್ರೆ ಅಂಗಡಿ. ದಿನವಿಡೀ ಗಿರಾಕಿಗಳು ಕೊಡಗಳನ್ನು ಬಡಿದು ನೋಡುವ ಸದ್ದು ಕೇಳಿಸಿಕೊಂಡು ರಾತ್ರಿ ಮನೆಗೆ ಬಂದರೆ ಹಾಸಿಗೆಗೆ ತಲೆ ಕೊಟ್ಟದ್ದೇ ಗೊತ್ತಾಗದಂತೆ ಮಲಗುತ್ತಿದ್ದವನು ನಾನು. ದಸರೆ ಕಳೆದ ಮೇಲೆ ಏನಾಯಿತೋ, ನಿದ್ದೆಯ ನಡುವೆ ಎದೆಯೊಳಗೆ ಯಾರೋ ಒಲೆ ಹೊತ್ತಿಸಿದಂತಾಗಿ, ಆ ಕಾವು ಕುತ್ತಿಗೆ ಹತ್ತಿ ಕಿವಿಯವರೆಗೆ ಬಂದು, ಬನೀನು ಹಿಂಡುವಷ್ಟು ಬೆವರು. ಎದ್ದು ಫ್ಯಾನು ಹಾಕುತ್ತಿದ್ದೆ. ಕೌದಿಯೊಳಗಿಂದ ನನ್ನ ಹೆಂಡತಿ ಸುವರ್ಣಾ ಕೈ ಚಾಚಿ ಆರಿಸುತ್ತಿದ್ದಳು. ಕೊನೆಗೆ ನಾನು ಸೋತು ಹಾಸಿಗೆ ಬಿಟ್ಟು ಬರಿ ನೆಲಕ್ಕೆ ಇಳಿದೆ. ನಮ್ಮ ಮನೆಯ ನೆಲ ನಮ್ಮೂರಿನದೇ ಕಲ್ಲು, ಚಳಿಗಾಲದಲ್ಲಿ ಬಾವಿಯ ನೀರಿನಷ್ಟು ತಂಪು. ಬೆಳಿಗ್ಗೆ ನೋಡಿದರೆ ಅದರ ಮೇಲೆ ಕೈಕಾಲು ಸಮೇತ ನನ್ನ ಆಕಾರ ಒದ್ದೆಯಾಗಿ ಮೂಡಿರುತ್ತಿತ್ತು. ಸುವರ್ಣಾ ಕಸ ಹೊಡೆಯುವಾಗ ಅದನ್ನು ದಾಟದೆ ಸುತ್ತು ಹಾಕಿ ಹೋಗುತ್ತಿದ್ದಳು. ಗಂಡನನ್ನು ದಾಟಬಾರದಲ್ಲ.

"ನನಗ ಮುಟ್ಟು ನಿಲ್ಲೂ ಮುಂದ ಹಿಂಗೇ ಆಗಿತ್ತು ನೋಡ್ರಿ. ನಿಮಗ್ಯಾಕ ಆಗ್ಲಿಕತ್ತದ?" ಎಂದು ಒಂದು ದಿನ ಅವಳೇ ಗಾಬರಿಯಿಂದ ಕೇಳಿದಳು. ನನ್ನಲ್ಲಿ ನಿಲ್ಲುವಂಥದ್ದು ಏನಿದೆ ಎಂದು ನಾನೂ ಬಹಳ ಯೋಚಿಸಿದೆ. ವ್ಯಾಪಾರ ನಿಂತಿತ್ತು, ಅದರ ಮಾತು ಬೇರೆ.

ಪಕ್ಕದ ಬಟ್ಟೆ ಅಂಗಡಿಯ ಸಲೀಂಭಾಯಿ ನನ್ನ ಮುಖ ನೋಡಿ, "ಮೈಯಾಗ ಗರ್ಮಿ ಆಗ್ಯದ ಸಾಹುಕಾರ್ರ, ಸಬ್ಜಾ ಬೀಜ ನೆನಸಿ ಕುಡೀರಿ" ಎಂದರು. ತಂಬಿಗೆಗಟ್ಟಲೆ ಕುಡಿದೆ. ಬೆವರು ಹಾಗೇ ಉಳಿದು, ಮೇಲಿಂದ ಮೇಲೆ ಬಚ್ಚಲಿಗೆ ಏಳುವುದು ಶುರುವಾಗಿ, ಇದ್ದಬದ್ದ ನಿದ್ದೆಯೂ ಹೋಯಿತು. ಹಳೆಯ ಗಿರಾಕಿಯೊಬ್ಬರು ರಾತ್ರಿ ಬೆವರೆಂದರೆ ಅದು ಎದೆಗೂಡಿನ ರೋಗ, ಕ್ಷಯವೇ ಸರಿ ಎಂದು ಹೇಳಿ, ಹೇಳಿದ ಮರುಕ್ಷಣ ತಮ್ಮ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ಅಂದಿನಿಂದ ನಾನು ಯಾರನ್ನೂ ಕೇಳುವುದು ಬಿಟ್ಟೆ. ಪ್ಯಾಂಟು ಸಡಿಲವಾಗಿ ಸೊಂಟದಲ್ಲಿ ನಿಲ್ಲದಾಯಿತು. "ಭಾಳ ಛಂದ ತೆಳ್ಳಗಾಗೀರಿ" ಎಂದು ಮೆಚ್ಚಿದವರಿಗೆ, ಬೆಳಿಗ್ಗೆ ವಾಕಿಂಗ್ ಹೋಗ್ತೀನ್ರಿ ಎಂದು ಸುಳ್ಳು ಹೇಳಿದೆ. ದವಾಖಾನೆಗೆ ಮಾತ್ರ ಹೋಗಲಿಲ್ಲ. ಅಲ್ಲಿ ಹೋದರೆ ರೋಗಕ್ಕೆ ಒಂದು ಹೆಸರಿಡುತ್ತಾರೆ. ಹೆಸರಿಲ್ಲದ ರೋಗಕ್ಕಾದರೆ ಬಂದ ದಾರಿಯಲ್ಲೇ ಹೊರಟುಹೋಗಲು ಇನ್ನೂ ಅವಕಾಶವಿರುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಇಂಥ ಹೊತ್ತಿನಲ್ಲಿ ಚಿತ್ತಾಪುರದಿಂದ ನನ್ನ ಅಕ್ಕ ನೀಲಮ್ಮನ ಫೋನು ಬಂತು. ಅವಳ ಮಗಳು ಸವಿತಾಳನ್ನು ನೋಡಲು ಸುಲೇಪೇಟದಿಂದ ಬೀಗರು ಬರುವವರಿದ್ದರು. ಭಾವ ತೀರಿಕೊಂಡಿದ್ದರಿಂದ ಹುಡುಗಿಯ ಕಡೆಯಿಂದ ಮಾತಾಡಬೇಕಾದ ಹಿರಿಯ ನಾನೇ. ಹಾಗೆ ನೋಡಿದರೆ ಮಾತಾಡಲು ಏನೂ ಉಳಿದಿರಲಿಲ್ಲ. ಸವಿತಾ ಹೈಸ್ಕೂಲಿನಲ್ಲಿ ಟೀಚರು, ಹುಡುಗನೂ ಟೀಚರು, ಇಬ್ಬರಿಗೂ ಬಿ.ಎಡ್. ಓದುವಾಗಿನಿಂದ ಪರಿಚಯ. ಈ ಸಂಗತಿ ಎರಡೂ ಮನೆಯವರಿಗೆ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಕುಳಿತು ಚಹಾ ಕುಡಿಯುವುದಷ್ಟೇ ನಮ್ಮ ಪಾಲಿನ ಕೆಲಸ. ಅದನ್ನೂ ಕೆಡಿಸಬಲ್ಲವನು ನಾನೊಬ್ಬನೇ ಇದ್ದೆ.

ಎಳ್ಳಮವಾಸ್ಯೆ ಕಳೆದ ವಾರ ಅದು. ಬಂದವರೆಲ್ಲ ಸ್ವೆಟರು, ಶಾಲು ಹೊದ್ದಿದ್ದರು. ಹುಡುಗನ ದೊಡ್ಡಪ್ಪ ಗುರುಲಿಂಗಪ್ಪನವರು ಆ ಮನೆಯ ಯಜಮಾನರು. ಉಣ್ಣೆ ಕೋಟು, ಮಫ್ಲರು, ಈ ಹೊಲದಿಂದ ಆ ಹೊಲಕ್ಕೆ ಕರೆಯುವಂಥ ದನಿ. ಚುರುಮುರಿ ಸುಸಲಾದ ಪ್ಲೇಟು ಕೈಗೆ ಬಂದ ಮೇಲೆ ಅವರು ನನ್ನ ಕಡೆ ತಿರುಗಿ, "ಹುಡುಗಿ ವಯಸ್ಸೆಷ್ಟ್ರಿ?" ಎಂದರು.

ನಾನು ಎತ್ತಿ ಆಡಿಸಿದ ಹುಡುಗಿ, ವಯಸ್ಸು ಗೊತ್ತಿಲ್ಲವೇ? ಆದರೆ ಬಾಯಿ ತೆರೆಯುವುದಕ್ಕೂ ಎದೆಯಲ್ಲಿ ಒಲೆ ಹೊತ್ತುವುದಕ್ಕೂ ಸರಿಹೋಯಿತು. ಅದು ಹಗಲಲ್ಲೂ ಬರಲು ಶುರುವಾಗಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. "ಇಪ್ಪತ್ತಾರು" ಎಂದೆ, ಮೂಗಿನ ತುದಿಯಿಂದ ಒಂದು ಹನಿ ಸುಸಲಾದ ಮೇಲೆ ಬಿತ್ತು. ಗುರುಲಿಂಗಪ್ಪನವರ ಕಣ್ಣು ಆ ಹನಿಯ ಹಿಂದೆಯೇ ಪ್ಲೇಟಿನವರೆಗೆ ಹೋಗಿ ಮತ್ತೆ ನನ್ನ ಮೂಗಿಗೆ ಬಂತು.

"ಇಪ್ಪತ್ತಾರೇನ್ರಿ?"

"ಹೌದ್ರಿ, ಇಪ್ಪತ್ತಾರೇ" ಎಂದೆ. ಆ ಒಂದು 'ಏ' ಸೇರಿದ್ದೇ ತಡ, ಅವರ ಮನಸ್ಸಿನಲ್ಲಿ ಹುಡುಗಿಗೆ ಮೂವತ್ತಾದದ್ದು ನನಗೆ ಕಾಣಿಸಿತು.

"ಮದ್ಲ ಎಲ್ಲ್ಯಾರ ಮಾತುಕತಿ ಆಗಿತ್ತೇನ್ರಿ?"

"ಇಲ್ಲೇ ಇಲ್ರಿ" ಎಂದೆ. ಚಹಾದ ಕಪ್ಪು ಬಸಿಯ ಮೇಲೆ ಕಟಕಟ ಎಂದಿತು. ಟವೆಲ್ಲಿನಿಂದ ಕತ್ತು ಒರೆಸಿದೆ, ಮುಖ ಒರೆಸಿದೆ, ತಡೆಯಲಾರದೆ ಎದ್ದು ಹೋಗಿ ಫ್ಯಾನು ಹಾಕಿದೆ. ಗಂಡಸರೆಲ್ಲ ಒಮ್ಮೆಲೇ ಮಫ್ಲರು ಬಿಗಿದುಕೊಂಡರು. ಅಕ್ಕ ನನ್ನನ್ನು ನೋಡಿದ ನೋಟವನ್ನು ಬರೆಯಲಾರೆ. ಹೊರಡುವಾಗ ಗುರುಲಿಂಗಪ್ಪನವರು "ಫೋನ್ ಮಾಡ್ತೀವ್ರಿ" ಎಂದರು. ನಮ್ಮ ಕಡೆ ಒಪ್ಪಿದವರು ಅಲ್ಲೇ ಬಾಯಿಗೆ ಸಕ್ಕರೆ ಹಾಕಿಸಿಕೊಳ್ಳುತ್ತಾರೆ. ಫೋನ್ ಮಾಡುತ್ತೇವೆ ಎಂದವರು ನಂಬರನ್ನೇ ಕೇಳುವುದಿಲ್ಲ. ಇವರೂ ಕೇಳಲಿಲ್ಲ.

ಫೋನು ಬರಲಿಲ್ಲ. ಬಂದದ್ದು ಮಧ್ಯಸ್ಥಿಕೆ ಮಾಡಿದವರ ಮಾತು. ಹುಡುಗಿಯ ಮಾಮಾ ಒಂದೊಂದು ಮಾತಿಗೂ ಬೆವತಾನಂತ, ಏನೋ ಮುಚ್ಚಿಡ್ಲಿಕತ್ತಾರಂತ. ಹುಡುಗ ಎಷ್ಟು ಹೇಳಿದರೂ ದೊಡ್ಡಪ್ಪ ಕೇಳಲಿಲ್ಲವಂತೆ. ಸವಿತಾಳ ಶಾಲೆಯ ಹತ್ತಿರ, ಅಕ್ಕನ ಮನೆಯ ಮುಂದಿನ ಕಿರಾಣಿ ಅಂಗಡಿಯಲ್ಲಿ ವಿಚಾರಣೆ ನಡೆಯಿತು. ಏನೂ ಸಿಗಲಿಲ್ಲ. ಆದರೆ ವಿಚಾರಣೆ ನಡೆಯಿತು ಎಂಬುದೇ ಊರಿಗೆ ಸಾಕಾಯಿತು. ಬೆಂಕಿಯಿಲ್ಲದೆ ಹೊಗೆ ಬರುವುದಿಲ್ಲವಂತೆ. ಇಲ್ಲಿ ಬೆಂಕಿ ಇದ್ದದ್ದು ನನ್ನ ಎದೆಯಲ್ಲಿ, ಹೊಗೆ ಎದ್ದದ್ದು ಆ ಹುಡುಗಿಯ ಮೇಲೆ.

ಒಂದು ಮಧ್ಯಾಹ್ನ ಸವಿತಾ ನೇರ ನನ್ನ ಅಂಗಡಿಗೇ ಬಂದಳು. ಕಣ್ಣು ಕೆಂಪಾಗಿದ್ದವು. ಕುಂದ್ರು ಎಂದರೂ ಕೂರಲಿಲ್ಲ.

"ಮಾಮಾ, ನನ್ನ ವಯಸ್ಸ ಹೇಳ್ಲಿಕ್ಕ ನೀ ಯಾಕ ಬೆವತಿ?"

"ನನಗೇ ಗೊತ್ತಿಲ್ಲವ್ವಾ."

"ನಿನಗ ಗೊತ್ತಿಲ್ಲಂದ್ರ ಮತ್ಯಾರಿಗಿ ಗೊತ್ತು? ನಮ್ಮ ಶಾಲ್ಯಾಗ ಎಲ್ಲಾರೂ ನನ್ನ ಮಾರಿ ನೋಡ್ಲಿಕತ್ತಾರ."

ಏನಾದರೂ ಮಾಡುತ್ತಿರುವವನಂತೆ ಕಾಣಲು ನಾನೊಂದು ಡಬ್ಬಿ ಎತ್ತಿಕೊಂಡೆ. ಅದರ ಮುಚ್ಚಳ ತಾನಾಗಿ ಅಲುಗಾಡಿ ಸದ್ದು ಮಾಡಿತು. ಅವಳು ಡಬ್ಬಿ ನೋಡಿದಳು, ನನ್ನ ಕೈ ನೋಡಿದಳು, ಹಗ್ಗ ಕಟ್ಟಿದಂತೆ ಬೆಲ್ಟು ಬಿಗಿದ ನನ್ನ ಸೊಂಟ ನೋಡಿದಳು. ದನಿ ಬೇರೆಯಾಯಿತು.

"ಎಷ್ಟ್ ದಿನ ಆತು ಹಿಂಗ?"

"ದಸರಾ ಆದಮ್ಯಾಲಿಂದ."

"ಅವರ ಮುಂದ ಆರಾಮಿಲ್ಲಂತ ಹೇಳಬೇಕಿಲ್ಲ?"

"ಹೇಳಿದ್ರ ಮನೆತನದಾಗ ರೋಗ ಅದ ಅಂತಾರ. ಹೇಳದಿದ್ರ ಕಳ್ಳ ಅಂತಾರ. ಯಾವುದು ಚಲೋ, ನೀನೇ ಹೇಳು."

"ಮದ್ಲ ಏನಾಗ್ಯದಂತ ಗೊತ್ತಾಗ್ಲಿ. ನಡಿ ದವಾಖಾನಿಗಿ" ಎಂದವಳೇ ಅಂಗಡಿಯ ಶಟರನ್ನು ತಾನೇ ಎಳೆದಳು. ಒಳಗಿದ್ದ ಒಬ್ಬ ಗಿರಾಕಿ ಬಗ್ಗಿ ಹೊರಬರಬೇಕಾಯಿತು.

ಕಲಬುರಗಿಯ ಡಾಕ್ಟರಮ್ಮ ನನ್ನ ಕೈ ಮುಂದಕ್ಕೆ ಚಾಚಿಸಿ ಬೆರಳುಗಳ ಮೇಲೊಂದು ಹಾಳೆ ಇಟ್ಟರು. ಅದು ಬಸ್ಸಿನ ಕಿಟಕಿಯಲ್ಲಿ ಸಿಕ್ಕಿಸಿದ ಟಿಕೆಟ್ಟಿನ ಹಾಗೆ ಪಟಪಟ ನಡುಗಿತು. ನಾಡಿ ನೋಡಿದರು, ರಕ್ತ ತೆಗೆಸಿದರು, ಎದೆಯ ಫೋಟೋ ತೆಗೆಸಿದರು. ಅವೆಲ್ಲ ಬರುವವರೆಗೆ ನಾನು ಮನಸ್ಸಿನಲ್ಲೇ ಅಂಗಡಿಯನ್ನು ಸುವರ್ಣಾಳಿಗೆ ವಹಿಸಿ, ಯಾವ ಪಾತ್ರೆ ಯಾವ ಅಟ್ಟದ ಮೇಲಿದೆ ಎಂದು ಹೇಳಿಕೊಡುವುದನ್ನೂ ಮುಗಿಸಿದ್ದೆ.

ಕಡೆಗೆ ಡಾಕ್ಟರಮ್ಮ ಕರೆದು, "ಥೈರಾಯ್ಡ್‌ರಿ. ಆಗಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡ್ಲಿಕತ್ತದ" ಎಂದರು.

"ಅದು ಹೆಣ್ಮಕ್ಕಳದಲ್ಲೇನ್ರಿ?" ಎಂದೆ.

"ಯಾಕ್ರಿ, ನಿಮಗ ಕುತಗಿ ಇಲ್ಲೇನ್ರಿ?"

ನಾನು ಕುತ್ತಿಗೆ ಮುಟ್ಟಿ ನೋಡಿಕೊಂಡೆ. ಇತ್ತು. ನನ್ನ ಯಾವ ಅಂಗವೂ ಇಲ್ಲಿಯವರೆಗೆ ಆಗಬೇಕಾದ್ದಕ್ಕಿಂತ ಹೆಚ್ಚು ಕೆಲಸ ಮಾಡಿದ್ದನ್ನು ನಾನು ಕೇಳಿರಲಿಲ್ಲ, ಇದೊಂದು ಯಾಕೆ ಹೀಗೆ ಮೈಮೇಲೆ ಹಾಕಿಕೊಂಡಿತೋ ತಿಳಿಯಲಿಲ್ಲ. ಗಂಡಸರಿಗೆ ಹೀಗೆ ಬೆವರಲು ನೂರೆಂಟು ಕಾರಣಗಳಿರುತ್ತವೆ, ಒಬ್ಬರಿಗೆ ಸಕ್ಕರೆ ಇಳಿದಿರುತ್ತದೆ, ಒಬ್ಬರಿಗೆ ನುಂಗುವ ಗುಳಿಗೆಯೇ ಕಾರಣ, ಒಬ್ಬರಿಗೆ ಗಂಡಸಿನ ಹಾರ್ಮೋನು ಕಡಿಮೆಯಾಗಿರುತ್ತದೆ, ಒಬ್ಬರಿಗೆ ಎದೆಯ ರೋಗವೂ ಇರಬಹುದು, ಅದಕ್ಕೇ ಅಂಗಡಿಗೆ ಬಂದವರನ್ನು ಕೇಳುತ್ತ ಕೂರಬಾರದು ಎಂದು ಡಾಕ್ಟರಮ್ಮ ಚೆನ್ನಾಗಿಯೇ ಗದರಿಸಿದರು. ಗುಳಿಗೆ ಬರೆದುಕೊಟ್ಟು, ಗುಣ ಕಾಣಲು ಕೆಲವು ವಾರ ಬೇಕು ಎಂದರು. ಹೊರಗೆ ಬಂದಾಗ ಸವಿತಾ ನನ್ನ ತೋಳು ಗಟ್ಟಿಯಾಗಿ ಹಿಡಿದು, "ನೀನೂ ಹೋಗ್ತೀ ಅಂತ ತಿಳ್ಕೊಂಡಿದ್ದೆ ಮಾಮಾ" ಎಂದಳು. ಅಪ್ಪನನ್ನು ಕಳೆದುಕೊಂಡ ಹುಡುಗಿ. ಆಗ ನಾನು ಒರೆಸಿಕೊಂಡದ್ದು ಬೆವರಲ್ಲ.

ಗುಣವಾದ ಮೇಲೆ ಸುಲೇಪೇಟಕ್ಕೆ ಹೋಗೋಣವೆಂದರೆ ಅಷ್ಟರಲ್ಲಿ ಹುಡುಗನಿಗೆ ಬೇರೆ ಕಡೆ ಹೆಣ್ಣು ನೋಡಿಬಿಟ್ಟರೆ? ಸೇಡಂನಲ್ಲಿ ಬಸ್ಸು ಬದಲಿಸಿ ಒಬ್ಬನೇ ಹೋದೆ. ಗುರುಲಿಂಗಪ್ಪನವರ ಪಡಸಾಲೆಯಲ್ಲಿ ಕುಳಿತು, ನನಗಾದದ್ದು ಇದು, ಹುಡುಗಿಯದೇನೂ ಮುಚ್ಚಿಟ್ಟಿಲ್ಲ ಎಂದು ಹೇಳುತ್ತ ಹೇಳುತ್ತಲೇ ಒಲೆ ಹೊತ್ತಿತು. ಅವರು ನನ್ನ ಹಣೆಯನ್ನೇ ನೋಡುತ್ತಿದ್ದರು.

"ಅವತ್ತೂ ಬೆವತ್ರಿ, ಇವತ್ತೂ ಬೆವರ್ಲಿಕತ್ತೀರಿ. ಯಾವುದು ಖರೇ, ಯಾವುದು ಸುಳ್ಳ, ನಾವು ಹ್ಯಾಂಗ ತಿಳ್ಕೋಬೇಕ್ರಿ?" ಎಂದರು.

ನಾನು ಟವೆಲ್ಲಿನಿಂದ ಹಣೆ ಒರೆಸಿಕೊಂಡೆ. ಆಗ ಒಳಬಾಗಿಲ ಹತ್ತಿರ ನಿಂತಿದ್ದ ಹುಡುಗನ ತಾಯಿ ಶಾಂತಮ್ಮ ಬಾಯಿ ತೆರೆದರು.

"ಅಣ್ಣಾರ, ಹೊದ್ಕೊಂಡದ್ದು ಒದ್ದು ಒಗಿತೀರೇನ್ರಿ?"

"ಹೌದ್ರಿ."

"ಒಗದ ಮ್ಯಾಲೆ ಥಂಡಿ ಹತ್ತಿ ಮತ್ತ ಹೊದ್ಕೋತೀರೇನ್ರಿ?"

"ಹೌದ್ರಿ."

"ಎದಿಯಾಗಿಂದ ಎದ್ದು ಕಿವಿಗಿ ಬರ್ತದೇನ್ರಿ?"

"ಹೌದ್ರವ್ವಾ!" ಎಂದೆ. ನನ್ನ ಕಷ್ಟವನ್ನು ಇಷ್ಟು ಸರಿಯಾಗಿ ನಾನೇ ಯಾರಿಗೂ ಹೇಳಿರಲಿಲ್ಲ.

ಶಾಂತಮ್ಮ ಗುರುಲಿಂಗಪ್ಪನವರ ಕಡೆ ತಿರುಗಿದರು. "ಭಾವಾರ, ಇವರು ಸುಳ್ಳ ಹೇಳ್ಲಿಕತ್ತಿಲ್ಲ. ಇದು ಕಟ್ಟಿ ಹೇಳ್ಲಿಕ್ಕ ಬರೂ ಮಾತಲ್ಲ. ಅವತ್ತ ಇವರು ಫ್ಯಾನ್ ಹಾಕಿದಾಗ ಅಷ್ಟ್ ಮಂದ್ಯಾಗ ಜೀವಕ್ಕ ಸುಖ ಆಗಿದ್ದು ನನಗೊಬ್ಬಾಕಿಗೇ."

"ನಿನಗ್ಯಾಕ ಸುಖ ಆತು?" ಎಂದರು ಗುರುಲಿಂಗಪ್ಪ. ಆಕೆ ಸಕ್ಕರೆ ತರಲು ಒಳಗೆ ಹೋದರು. ಗುರುಲಿಂಗಪ್ಪನವರು ನನ್ನ ಮುಖ ನೋಡಿದರು. ನನಗೆ ಅರ್ಥವಾಗಿತ್ತು, ಹೇಳುವುದು ಹೇಗೆಂದು ಗೊತ್ತಾಗದೆ ಛಾವಣಿ ನೋಡಿದೆ. ಸಕ್ಕರೆ ಬಂತು. ಇಬ್ಬರೂ ಬಾಯಿಗೆ ಹಾಕಿಕೊಂಡೆವು.

ಬಸ್ಸಿನವರೆಗೆ ಕಳಿಸಲು ಬಂದ ಗುರುಲಿಂಗಪ್ಪನವರು ದಾರಿಯಲ್ಲಿ ಆ ಹೊಲದ ದನಿಯನ್ನು ಬಹಳ ಇಳಿಸಿ, "ಬೀಗರ, ಗಂಡಸ್ರಿಗೂ ಆಗ್ತದೇನ್ರಿ ಖರೇನ? ನನಗಲ್ರಿ, ನಮ್ಮ ಪೈಕಿ ಒಬ್ಬರಿಗಿ ನಸಕಿನ್ಯಾಗ ಬನೀನ ತೊಯ್ತದಂತ" ಎಂದರು. ಡಾಕ್ಟರಮ್ಮನ ದವಾಖಾನೆ ಎಲ್ಲಿದೆ ಎಂದು ಹೇಳಿದೆ. "ಅವರಿಗಿ ತಿಳಸ್ತೀನ್ರಿ" ಎನ್ನುತ್ತ ಮಫ್ಲರಿನೊಳಗೆ ಕೈ ಹಾಕಿ ಕತ್ತು ಒರೆಸಿಕೊಂಡರು.

ಬೇಸಿಗೆಯಲ್ಲಿ ಮದುವೆ. ಅಷ್ಟರಲ್ಲಿ ಗುಳಿಗೆ ತನ್ನ ಕೆಲಸ ಮಾಡಿತ್ತು. ಎದೆಯ ಒಲೆ ಆರಿ, ನಿದ್ದೆ ಬರತೊಡಗಿತು. ಬರತೊಡಗಿತು ಎಂದರೆ ಸಾಲದು. ಗಿರಾಕಿ ಕೊಡ ಬಡಿದು ನೋಡುತ್ತಿರುವಾಗಲೂ ಬರುತ್ತಿತ್ತು. ಮದುವೆಯ ದಿನ ಸೋದರಮಾವನಾಗಿ ಸವಿತಾಳ ಕೈ ಹಿಡಿದು ಮಂಟಪಕ್ಕೆ ಕರೆತಂದೆ. ನೋಡಿದವರೆಲ್ಲ ಮಾಮಾ ಎಷ್ಟು ಗಟ್ಟಿಯಾಗಿ ನಡೆದ ಎಂದರಂತೆ. ಆಮೇಲೆ ಅಕ್ಷತೆಯ ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದು ಮುಂದಿನ ಸಾಲಿನ ಕುರ್ಚಿಯಲ್ಲಿ ಕುಳಿತೆ. ಪಕ್ಕದಲ್ಲಿ ಕೂಲರಿನ ಗಾಳಿ, ಎದುರಿಗೆ ಸ್ವಾಮಿಗಳು ನಿಧಾನವಾಗಿ ವಚನ ಹೇಳುತ್ತಿದ್ದರು. ಭಕ್ತಿಯಿಂದ ಕಣ್ಣು ಮುಚ್ಚಿದೆ.

ತೆರೆದಾಗ ಮಂಟಪ ಖಾಲಿ. ವಧುವರರು ಊಟಕ್ಕೆ ಕುಳಿತಿದ್ದರು. ಮುಂದೆ ಸುವರ್ಣಾ ಒಬ್ಬಳೇ ನಿಂತಿದ್ದಳು. "ಮೂರ್ ಮಂದಿ ಬಂದು ಎಬ್ಬಿಸಿದ್ವಿ, ಏಳ್ಲಿಲ್ಲ. ವಿಡಿಯೋದವ ಮಾತ್ರ ನಿಮ್ಮನ್ನ ಭಾಳ ಹೊತ್ತು ತಗದಾನ, ಬಾಯಿ ತೆರಕೊಂಡಿದ್ರಿ" ಎಂದಳು. ಮುಷ್ಟಿ ಬಿಡಿಸಿ ನೋಡಿದೆ. ಅಕ್ಕಿಕಾಳು ಒಂದೂ ಉದುರದೆ ಹಾಗೇ ಇತ್ತು. ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಸುತ್ತಮುತ್ತ ನೋಡಿ, ಕಡೆಗೆ ನನ್ನ ತಲೆಯ ಮೇಲೆ ನಾನೇ ಹಾಕಿಕೊಂಡು ಊಟಕ್ಕೆ ಎದ್ದೆ.