ಕಾಕಾನ ಪಿಸ್ತೂಲಿನ ಕುಂಚಿಗೆ

ಇಡೀ ಅಥಣಿ ತಾಲೂಕಿನಲ್ಲಿ ನಮ್ಮ ಕಾಕಾನಷ್ಟು ನಿರುಪದ್ರವಿ ಶಸ್ತ್ರಧಾರಿ ಇನ್ನೊಬ್ಬನಿರಲಿಲ್ಲ ಎಂದು ನಾನು ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಹದಿನಾಲ್ಕು ವರ್ಷ ಅವನು ಪಿಸ್ತೂಲು ಕಟ್ಟಿಕೊಂಡು ತಿರುಗಿದ. ಅಷ್ಟು ವರ್ಷಗಳಲ್ಲಿ ಆ ಪಿಸ್ತೂಲಿನಿಂದ ನೋವುಂಡ ಜೀವ ಒಂದೇ ಒಂದು. ಅದು ಸ್ವತಃ ಕಾಕಾ! ಒಂದು ವರ್ಷ ಪಕ್ಕೆ ನೋಯುತ್ತಿತ್ತು, ಇನ್ನೊಂದು ವರ್ಷ ಬೆನ್ನು, ಮತ್ತೊಂದು ವರ್ಷ ತೊಡೆಸಂದು. ಯಾವ ವರ್ಷ ಎಲ್ಲಿ ನೋವು ಎನ್ನುವುದರ ಮೇಲೆ ಪಿಸ್ತೂಲು ಈಗ ಎಲ್ಲಿದೆ ಎಂದು ನಾವು ಲೆಕ್ಕ ಹಾಕುತ್ತಿದ್ದೆವು.

ಪಿಸ್ತೂಲು ನಮ್ಮ ಅಜ್ಜನದು. ಅಜ್ಜ ತೀರಿಕೊಂಡ ಮೇಲೆ ಹಿರಿಯ ಮಗನಾದ ನಮ್ಮ ಅಪ್ಪನಿಗೆ ಅದು ಬರಬೇಕಿತ್ತು. ಅಪ್ಪ ಪ್ರೈಮರಿ ಶಾಲೆಯ ಮಾಸ್ತರ. "ನನಗ ಛಡಿ ಸಾಕಪಾ" ಎಂದು ಕೈ ಎತ್ತಿಬಿಟ್ಟ. ಹಾಗಾಗಿ ಲೈಸೆನ್ಸು ಐನಾಪುರದ ಹತ್ತಿರ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಿದ್ದ ಕಾಕಾನ ಹೆಸರಿಗಾಯಿತು. ಕಾಕಾನಿಗೆ ವೈರಿಗಳು ಯಾರು ಎಂದು ಕೇಳುತ್ತೀರಾ? ದ್ರಾಕ್ಷಿ ತಿನ್ನಲು ಬರುವ ಹಕ್ಕಿಗಳನ್ನೇ "ಸಾಕ್ರೆಪಾ, ಇನ್ನ ಹೋಗ್ರಿ" ಎಂದು ಬಹುವಚನದಲ್ಲಿ ಓಡಿಸುತ್ತಿದ್ದ ಮನುಷ್ಯ ಅವನು! ಇನ್ನು ಗುಂಡುಗಳು ಅವನ ಹೆಂಡತಿ ಕಾಕುವಿನ ಟ್ರಂಕಿನಲ್ಲಿ ಇರುತ್ತಿದ್ದವು. ಟ್ರಂಕಿನ ಕೀಲಿ ಕಾಕುವಿನ ಸೊಂಟದಲ್ಲಿ. ಪಿಸ್ತೂಲು ಗಂಡನ ಸೊಂಟದಲ್ಲೂ ಗುಂಡಿನ ಕೀಲಿ ಹೆಂಡತಿಯ ಸೊಂಟದಲ್ಲೂ ಇರುವ ಸಂಸಾರದಲ್ಲಿ ಯಾರಿಗೆ ತಾನೇ ಏನಾದೀತು, ಹೇಳಿ?

ಆದರೂ ಕಾಕಾನಿಗೆ ಒಂದು ಹಟವಿತ್ತು. ತನ್ನ ಅಪ್ಪನ ಪಿಸ್ತೂಲನ್ನು ಅಪ್ಪನ ಹಾಗೆಯೇ ಹಗುರಾಗಿ ಕಟ್ಟಿಕೊಳ್ಳಬೇಕು, ಅಪ್ಪನ ಹಾಗೆಯೇ ಸರಕ್ಕನೆ ಹೊರಗೆ ತೆಗೆಯಬೇಕು. ಅಜ್ಜ ಅದನ್ನು ತೆಗೆದರೆ ತೆಗೆದದ್ದೇ ಕಾಣುತ್ತಿರಲಿಲ್ಲವಂತೆ. ಕಾಕಾ ತೆಗೆಯಲು ಹೊರಟರೆ ನೋಡುವವರು ಅಷ್ಟರಲ್ಲಿ ಒಂದು ಎಲೆ ಅಡಿಕೆ ಮಡಿಚಿ ಬಾಯಿಗೆ ಹಾಕಿಕೊಳ್ಳಬಹುದಿತ್ತು. ಬಲಗೈ ಹೋಗುತ್ತಿತ್ತು, ತಡಕಾಡುತ್ತಿತ್ತು, ಗುಂಡಿ ಹುಡುಕುತ್ತಿತ್ತು, ಕೊನೆಗೆ ಧೋತರದ ಸೆರಗನ್ನು ಹಿಡಿದುಕೊಂಡು ಬರುತ್ತಿತ್ತು. ತಪ್ಪು ಪಿಸ್ತೂಲು ಇಡುವ ತೊಗಲಿನ ಒರೆಯದು ಎಂದು ಕಾಕಾನ ಪಕ್ಕಾ ಅಭಿಪ್ರಾಯ. ಕಾಕು ಅದಕ್ಕೆ ಒರೆ ಎನ್ನುತ್ತಿರಲಿಲ್ಲ, ಕೂಸಿನ ತಲೆಗೆ ಕಟ್ಟುವ ಕುಂಚಿಗೆಯ ಹೆಸರನ್ನೇ ಅದಕ್ಕೂ ಇಟ್ಟಿದ್ದಳು.

"ಕಟ್ಟಿಕೊಂಡಿದ್ದು ಗೊತ್ತಾಗಬಾರದು, ಕರದ ಕೂಡ್ಲೇ ಬರಬೇಕು. ಅಂಥಾದ್ದೊಂದು ಸಿಗಬೇಕ ನೋಡ" ಎನ್ನುತ್ತಿದ್ದ ಕಾಕಾ.

"ಅಂಥಾ ಗುಣಾ ಮೊದಲ ನನ್ನೊಳಗ ಹುಡುಕಿದ್ರಿ, ಸಿಗಲಿಲ್ಲ. ಈಗ ತೊಗಲಿನ್ಯಾಗ ಹುಡಕಾಕತ್ತೀರಿ" ಎನ್ನುತ್ತಿದ್ದಳು ಕಾಕು.

ಮೊದಲು ಇದ್ದದ್ದು ಅಜ್ಜನ ಒರೆಯೇ. ಮೇಲೆ ದೊಡ್ಡ ಮುಚ್ಚಳ, ಮುಚ್ಚಳಕ್ಕೆ ಪಟ್ಟಿ, ಪಟ್ಟಿಗೆ ಹಿತ್ತಾಳೆಯ ಗುಂಡಿ. ಒಮ್ಮೆ ಶಿರಗುಪ್ಪಿಯ ಬೀಗರ ಹೊಲದಲ್ಲಿ ಕಬ್ಬು ಕಡಿಯುತ್ತಿದ್ದಾಗ ಹಂದಿಯೊಂದು ನುಗ್ಗಿ ಬಂತು. ಆಳುಗಳೆಲ್ಲ "ಸಾವಕಾರ್ರ, ಪಿಸ್ತೂಲ! ಪಿಸ್ತೂಲ!" ಎಂದು ಕೂಗಿದರು. ಗುಂಡು ಟ್ರಂಕಿನಲ್ಲಿದೆ ಎಂಬುದು ಅವರಿಗೇನು ಗೊತ್ತು? ತೋರಿಸಿಯಾದರೂ ಹೆದರಿಸೋಣ ಎಂದು ಕಾಕಾ ಗುಂಡಿಗೆ ಕೈ ಹಾಕಿದ. ಗುಂಡಿ ಬಿಚ್ಚಿತು, ಪಟ್ಟಿ ಬಿಚ್ಚಲಿಲ್ಲ. ಪಟ್ಟಿ ಬಿಚ್ಚಿದಾಗ ಮುಚ್ಚಳ ಅಂಟಿಕೊಂಡಿತ್ತು. ಮುಚ್ಚಳ ತೆರೆದಾಗ ಹಂದಿ ಗಡಿ ದಾಟಿ ಮಹಾರಾಷ್ಟ್ರ ಸೇರಿತ್ತು.

"ಹೋಗ್ಲಿ ಬಿಡ್ರಿ, ಅಲ್ಲಿ ನನ್ನ ಲೈಸೆನ್ಸ ನಡ್ಯಾಂಗಿಲ್ಲ" ಎಂದು ಕಾಕಾ ಪಟ್ಟಿ ಬಿಗಿದುಕೊಂಡ.

ಆಮೇಲೆ ಮಿರಜದಿಂದ ಬಗಲಿನಲ್ಲಿ ಕಟ್ಟುವಂಥದ್ದು ತಂದ. ಅಂಗಿಯ ಒಳಗೆ, ಕಂಕುಳ ಕೆಳಗೆ ತೂಗುತ್ತಿತ್ತು. ಯಾರಿಗೂ ಕಾಣುತ್ತಿರಲಿಲ್ಲ, ಅದೇನೋ ನಿಜ. ಆದರೆ ತೆಗೆಯಬೇಕಾದರೆ ನೆಹರೂ ಶರ್ಟಿನ ಮೂರು ಗುಂಡಿ ಬಿಚ್ಚಬೇಕು! ರಾಯಬಾಗದಲ್ಲಿ ಒಂದು ಮದುವೆಗೆ ಹೋಗಿದ್ದೆವು. ಪಟ್ಟಿ ಉಜ್ಜಿ ಉಜ್ಜಿ ಕಾಕಾನ ಬಗಲು ಉರಿಯತೊಡಗಿತು. ಪಾಪ, ಮೂಲೆಯಲ್ಲಿ ಒಂದು ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತು, ಗುಂಡಿ ಬಿಚ್ಚಿ, ಎದೆಯ ಒಳಗೆ ಕೈ ಹಾಕಿ, ಕಣ್ಣು ಮುಚ್ಚಿ ಪಟ್ಟಿ ಸಡಿಲಿಸುತ್ತಿದ್ದ. ಎದೆಯ ಮೇಲಿನ ಲಿಂಗ ತೆಗೆದು ಪೂಜೆಗೆ ಕೂತಿದ್ದಾರೆ ಎಂದು ಬೀಗರ ಮನೆಯವರು ತಿಳಿದರು. ತಂಬಿಗೆ ನೀರು, ವಿಭೂತಿ, ಬಿಲ್ವಪತ್ರಿ, ಎಲ್ಲ ಬಂದು ಮುಂದೆ ಕೂತಿತು! ಕಾಕಾ ಏನು ಮಾಡಬೇಕು? ಬೆಳಿಗ್ಗೆ ಒಮ್ಮೆ ಮಾಡಿದ್ದ ಪೂಜೆಯನ್ನು ಭಕ್ತಿಯಿಂದ ಎರಡನೆಯ ಸಲ ಮಾಡಿದ. ಅದು ಮುಗಿಯುವವರೆಗೆ ಊಟದ ಪಂಕ್ತಿ ಅವನಿಗಾಗಿ ಕಾಯಿತು.

ಅದನ್ನು ಬಿಟ್ಟು ಬೆನ್ನ ಹಿಂದೆ, ಸೊಂಟದ ಮಧ್ಯದಲ್ಲಿ ಸಿಗಿಸುವ ಒಂದನ್ನು ಹೊಲಿಸಿದ. ನಿಂತರೆ ಸ್ವರ್ಗ, ಕೂತರೆ ನರಕ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಬಸ್ಸಿನಲ್ಲಿ ಹೊರಟವನು ಸೀಟಿನ ತುದಿಯಲ್ಲಿ ನೆಟ್ಟಗೆ ಕೂತು, ಪ್ರತಿ ತಗ್ಗಿಗೂ "ಶಿವಾ" ಎನ್ನುತ್ತಿದ್ದನಂತೆ. ಪಕ್ಕದಲ್ಲಿದ್ದ ತಂಬಾಕಿನ ವ್ಯಾಪಾರಿಗೆ ನೋಡಿ ನೋಡಿ ಕರುಳು ಚುರುಕ್ ಎಂದಿತು.

"ಅಣ್ಣಾರ, ಹೇಳಾಕ ಸಂಕೋಚ ಮಾಡಬ್ಯಾಡ್ರಿ. ಮೂಲವ್ಯಾಧಿ ಏನ್ರಿ? ನಿಪ್ಪಾಣ್ಯಾಗ ಒಬ್ಬ ವೈದ್ಯ ಅದಾನ್ರಿ, ಏಕದಮ್ ಜಾಲೀಮ್ ಔಷಧ ಕೊಡ್ತಾನ."

ಕಾಕಾ ವಿಳಾಸ ಬರೆದುಕೊಂಡು ಬಂದ. ಯಾಕೆ ಎಂದು ಕೇಳಿದರೆ, "ಅಂವಾ ಅಷ್ಟ ಅಂತಃಕರಣದಿಂದ ಹೇಳಾಕತ್ತಿದ್ದ, ಬ್ಯಾಡ ಅಂದ್ರ ಬೇಜಾರ ಮಾಡ್ಕೋತಿದ್ದ" ಎಂದ. ಇಂಥವನ ಕೈಯಲ್ಲಿ ಸರಕಾರ ಪಿಸ್ತೂಲು ಕೊಟ್ಟಿತ್ತು.

ನಮ್ಮ ಆಯಿ, ಅಂದರೆ ಅಪ್ಪ ಮತ್ತು ಕಾಕಾನ ತಾಯಿ, ಇದನ್ನೆಲ್ಲ ಪಡಸಾಲೆಯ ಕಂಬಕ್ಕೆ ಆತು ಕೂತು ನೋಡುತ್ತಿದ್ದಳು. ಎಂಬತ್ತು ದಾಟಿದ ಜೀವ. ಮಾತು ಕಡಿಮೆ, ಆಡಿದರೆ ಅಪೀಲಿಲ್ಲ. ಒಂದು ದಿನ ಕಾಕಾನ ಬಲಗೈ ಪಿಸ್ತೂಲಿನ ಬದಲು ಮತ್ತೆ ಧೋತರ ಹಿಡಿದುಕೊಂಡು ಬಂದದ್ದನ್ನು ನೋಡಿ ಅವಳು ತೀರ್ಪು ಕೊಟ್ಟೇಬಿಟ್ಟಳು.

"ನಿಮ್ಮಪ್ಪನ ಪಿಸ್ತೂಲ ನಿನ್ನ ಕೈಗೆ ಒಗ್ಗವಲ್ದು. ಈ ಸಲ ಖಂಡೇಪೂಜಾದಾಗ ಎಲ್ಲಾರ ಮುಂದ ನೆಟ್ಟಗ ತಗದ ಪೂಜಾಕ್ಕ ಇಡು, ನಿನ್ನದು. ಇಲ್ಲಂದ್ರ ಮರದಿನ ಠಾಣೇಕ ಕೊಟ್ಟ ಬಾ. ನಿಮ್ಮಪ್ಪನ ಹೆಸರಿಗೆ ಮಂದಿ ನಗೂವಂಗ ಆಗೂದು ಬ್ಯಾಡ."

ಕಾಕಾ ಆ ದಿನ ಊಟಕ್ಕೆ ಕೂತು ಒಂದೇ ರೊಟ್ಟಿ ತಿಂದು ಎದ್ದ. ತನ್ನ ಅಪ್ಪನದು ಎಂದು ಅವನ ಬಳಿ ಇದ್ದ ವಸ್ತು ಅದೊಂದೇ. ಅದು ಅವನಿಗೆ ಆಯುಧವಾಗಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಖಂಡೇಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ಇನ್ನೂ ಒಂದು ತಿಂಗಳಿತ್ತು. ಕಾಕಾ ಅಥಣಿಗೆ ಹೊರಟ, ಚಪ್ಪಲಿ ಮಾಡುವ ಅಜ್ಜನೊಬ್ಬನ ಹತ್ತಿರ. "ಕಾಲಿಗೆ ಒಗ್ಗೂವಂಗ ತೊಗಲ ಬಗ್ಗಿಸೂ ಮನಶಾಗ ಸೊಂಟಕ್ಕ ಬಗ್ಗಿಸೂದು ಏನ ದೊಡ್ಡದು?" ಎಂಬುದು ಅವನ ವಾದ. ಚಪ್ಪಲಿ ಅಜ್ಜ ಒಂದೇ ವಾರದಲ್ಲಿ ಮಾಡಿಕೊಟ್ಟ. ಎಂಥಾ ಚಂದ! ಜೇನಿನ ಬಣ್ಣ, ಅಂಚಿಗೆ ಹೆಣಿಗೆ, ಮೇಲೊಂದು ಸಣ್ಣ ಗೊಂಡೆ ಬೇರೆ. ಕಾಕಾ ಕಟ್ಟಿಕೊಂಡು ಎರಡು ಹೆಜ್ಜೆ ಇಟ್ಟ.

ಕರ್ರ್. ಕರ್ರ್. ಕರ್ರ್.

ಗಂಡಸಿನ ಚಪ್ಪಲಿ ಎಂದರೆ ಸದ್ದು ಮಾಡಬೇಕು ಎಂಬುದು ನಮ್ಮ ಕಡೆಯ ನಿಯಮ. ಸದ್ದು ಮಾಡದ ಚಪ್ಪಲಿಯನ್ನು ಗಿರಾಕಿ ವಾಪಸು ತಂದು ಎಸೆಯುತ್ತಾನೆ. ಅಜ್ಜ ಪಾಪ, ಸಾವಕಾರರ ಕೆಲಸ ಎಂದು ಇದ್ದಬದ್ದ ಕರಕರವನ್ನೆಲ್ಲ ಆ ಒರೆಗೆ ತುಂಬಿಬಿಟ್ಟಿದ್ದ! ಕಾಕಾ ತೋಟದ ಈ ತುದಿಯಲ್ಲಿ ಕಾಲಿಟ್ಟರೆ ಆ ತುದಿಯಲ್ಲಿ ಎಲೆ ಅಡಿಕೆ ಹಾಕುತ್ತ ಕೂತ ಆಳುಗಳು ಎದ್ದು ಕತ್ತರಿ ಹಿಡಿಯುತ್ತಿದ್ದರು. ಹಕ್ಕಿಗಳೂ ಬಹುವಚನದ ವಿನಂತಿಗೆ ಕಾಯದೆ ಹಾರಿಹೋಗುತ್ತಿದ್ದವು. ಸಂತೋಷಪಟ್ಟವಳು ಕಾಕು ಒಬ್ಬಳೇ.

"ಇದನ್ನ ಬಿಚ್ಚಬ್ಯಾಡ್ರಿ. ಇಪ್ಪತ್ತೈದ ವರ್ಷದಾಗ ಮೊದಲನೇ ಸಲ ನೀವು ಎಲ್ಲಿ ಅದೀರಿ ಅಂತ ನನಗ ಗೊತ್ತಾಗಾಕತ್ತೈತಿ."

ಸದ್ದು ತೆಗೆಸಲು ಮತ್ತೆ ಅಥಣಿಗೆ ಹೋಗಬೇಕಾಯಿತು. ಈ ಸಲ ಕಾಕು ನನ್ನನ್ನೂ ಕಳಿಸಿದಳು, ಕಾಕಾ ಇನ್ನೊಂದು ಕುಂಚಿಗೆಗೆ ಹೇಳಿ ಬಾರದಂತೆ ನೋಡಿಕೊಳ್ಳಲು. ನಾನಾಗ ರಾಯಬಾಗದ ಹೈಸ್ಕೂಲಿನಲ್ಲಿ ಹೊಸದಾಗಿ ಮೇಡಂ ಆಗಿದ್ದೆ, ಶನಿವಾರ ಊರಿಗೆ ಬಂದವಳು ಸಿಕ್ಕಿಬಿದ್ದೆ.

ಸದ್ದು ತೆಗೆಯಬೇಕು ಎಂದಾಗ ಚಪ್ಪಲಿ ಅಜ್ಜನ ಮುಖ ಸಣ್ಣದಾಯಿತು. ಎಣ್ಣೆ ಕುಡಿಸಿದರೆ ಸದ್ದು ಸಾಯುತ್ತದೆ, ಆದರೆ ಅಂಥ ಸದ್ದು ಕೂಡಿಸಲು ತನಗೆ ಮೂರು ದಿನ ಹಿಡಿದಿತ್ತು ಎಂದ. ಆಮೇಲೆ, "ಒಮ್ಮೆ ತಗದ ತೋರಸ್ರಿ, ಎಲ್ಲಿ ಹಿಡೀತೈತಿ ನೋಡೂಣು" ಎಂದ. ಕಾಕಾ ಖಾಲಿ ಪಿಸ್ತೂಲನ್ನು ಒರೆಯಲ್ಲಿಟ್ಟು ತೆಗೆಯಲು ಹೊರಟ. ಬಲಗೈ ಹೋಯಿತು, ತಡಕಾಡಿತು, ಗೊಂಡೆ ಹಿಡಿದುಕೊಂಡು ಬಂತು.

ಅಜ್ಜ ಬೀಡಿ ಕೆಳಗಿಟ್ಟ. "ಸಾವಕಾರ್ರ, ನಿಮ್ಮ ಕೈ ಯಾವುದ್ರಿ?"

"ಇದ" ಎಂದು ಕಾಕಾ ಬಲಗೈ ತೋರಿಸಿದ.

"ಉಣ್ಣೂ ಕೈ ಕೇಳಲಿಲ್ಲರಿ ನಾ. ಸಿಟ್ಟ ಬಂದಾಗ ಮೊದಲ ಏಳೂ ಕೈ ಯಾವುದು?"

"ನನಗ ಸಿಟ್ಟ ಬರೂದಿಲ್ಲ" ಎಂದ ಕಾಕಾ. ಅದು ನೂರಕ್ಕೆ ನೂರು ನಿಜ.

ಅಜ್ಜ ಪಕ್ಕದಲ್ಲಿದ್ದ ಒಂದು ಚಪ್ಪಲಿಯನ್ನು "ಹಿಡೀರಿ!" ಎಂದು ಸರ್ರನೆ ಎಸೆದ. ಕಾಕಾ ಅದನ್ನು ಗಾಳಿಯಲ್ಲೇ ಹಿಡಿದ. ಎಷ್ಟು ಸರಾಗವಾಗಿ ಹಿಡಿದನೆಂದರೆ ನಾನು ಬಾಯಿ ತೆರೆದು ನಿಂತೆ. ಹಿಡಿದದ್ದು ಎಡಗೈ.

"ಇಷ್ಟ ವರ್ಷ ಎಡಗಾಲಿನ ಚಪ್ಪಲಿ ಬಲಗಾಲಿಗೆ ಹಾಕ್ಕೊಂಡ ನಡದೀರಿ. ಕಾಲ ನೋಯೂದೇನ ತಪ್ಪರಿ?" ಎಂದು ಅಜ್ಜ ಒಂದು ಕಾಗದ ಹಾಸಿದ. ಪಾದದ ಅಳತೆ ತೆಗೆಯುವ ಹಾಗೆ ಕಾಕಾನ ಎಡಗೈಯನ್ನು ಅದರ ಮೇಲೆ ಇಡಿಸಿ, ಬೆರಳು ಬೆರಳಿನ ಸುತ್ತ ಪೆನ್ಸಿಲ್ ಆಡಿಸಿದ.

ಮರಳುವಾಗ ಬಸ್ಸಿನಲ್ಲಿ ಕಾಕಾ ಕಿಟಕಿಯ ಕಡೆ ನೋಡುತ್ತ ಹೇಳಿದ:

"ಸಣ್ಣಾವ ಇದ್ದಾಗ ನಾ ಎಡಚ ಇದ್ದೆ ನೋಡವಾ. ಉಣ್ಣಾಕ ಕುಂತ್ರ ಆಯಿ ಈ ಕೈ ಹಿಂದ ಮಾಡಿ, ಹಳೇ ಸೀರಿ ಅಂಚ ಹರದ, ಸೊಂಟಕ್ಕ ಕಟ್ಟತಿದ್ಲು. ಮಂದಿ ಏನಂತಾರ, ದೇವರ ಪ್ರಸಾದ ಯಾವ ಕೈಲೇ ತಗೋತೀ ಅಂತಿದ್ಲು. ಎರಡ ವರ್ಷ ಕಟ್ಟಿದ್ಲು. ಆಮ್ಯಾಲ ಕಟ್ಟೂದು ಬೇಕಾಗಲಿಲ್ಲ."

ಹೊಸ ಒರೆ ಬಂತು. ಗೊಂಡೆಯಿಲ್ಲ, ಸದ್ದಿಲ್ಲ. ಎಡ ಸೊಂಟದ ಮೇಲೆ, ಬಾಯಿ ಕೊಂಚ ಮುಂದಕ್ಕೆ ಓರೆಯಾಗಿ. ಕಟ್ಟಿಕೊಂಡು ಕೂತರೂ ಸುಖ, ನಿಂತರೂ ಸುಖ. ಮಾಳಿಗೆಯ ಮೇಲೆ ಬಾಗಿಲು ಹಾಕಿಕೊಂಡು ಖಾಲಿ ಪಿಸ್ತೂಲನ್ನು ತೆಗೆದು ತೆಗೆದು ನೋಡಿದ. ಪ್ರತಿ ಸಲವೂ ಸರಕ್ಕನೆ ಬರುತ್ತಿತ್ತು. ಹದಿನಾಲ್ಕು ವರ್ಷದ ನೋವು ಮಾಯವಾಗಿತ್ತು. ಆದರೆ ಕಾಕಾನ ನಿದ್ದೆಯೂ ಮಾಯವಾಗಿತ್ತು. ಬಲಗೈಯಲ್ಲಿ ತೆಗೆಯಲು ಹೋದರೆ ನೆಟ್ಟಗೆ ಬಾರದು, ಪಿಸ್ತೂಲು ಠಾಣೆಗೆ ಹೋಗುತ್ತದೆ. ಎಡಗೈಯಲ್ಲಿ ತೆಗೆದರೆ, ಅದೂ ಪೂಜೆಯ ದಿನ, ದೇವರ ಮುಂದೆ, ಆಯಿಯ ಮುಂದೆ? "ಅಕಿ ಮನಸಿಗೆ ಏನ ಅನಸೀತು?" ಎಂದು ಕಾಕುವನ್ನು ಕೇಳಿದ. ಕಾಕು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಖಂಡೇಪೂಜೆಯ ಬೆಳಿಗ್ಗೆ ಪಡಸಾಲೆಯಲ್ಲಿ ಕುಡಗೋಲು, ಕೊಡಲಿ, ದ್ರಾಕ್ಷಿ ಕತ್ತರಿ, ಟ್ರ್ಯಾಕ್ಟರಿನ ನಟ್ಟು ಬಿಗಿಯುವ ಪಾನೆ, ಕಾಕುವಿನ ಈಳಿಗೆ, ಅಪ್ಪನ ಛಡಿ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚಿ ಸಾಲಾಗಿ ಇಟ್ಟಿದ್ದೆವು. ನಡುವೆ ಒಂದು ಮಣೆ ಖಾಲಿ ಇತ್ತು. ಮನೆಯವರು, ಆಳುಗಳು, ಓಣಿಯವರು ಸೇರಿದ್ದರು. ಆಯಿ ಕಂಬದ ಹತ್ತಿರ ಕೂತಿದ್ದಳು.

"ತಗೀಪಾ" ಎಂದಳು.

ಕಾಕಾನ ಬಲಗೈ ಎದ್ದಿತು. ಹೊಟ್ಟೆಯ ಮೇಲೆ ಹಾದು ಎಡ ಸೊಂಟದ ಕಡೆ ಹೋಗಿ ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ಆಳುಗಳಲ್ಲಿ ಯಾರೋ ಕಿಸಕ್ಕೆಂದರು. ಕಾಕಾ ಒಮ್ಮೆ ಆಯಿಯನ್ನು ನೋಡಿದ, ಬಲಗೈ ಕೆಳಗಿಳಿಸಿದ. ಎಡಗೈ ಹೋದದ್ದು ನಮಗೆ ಕಾಣಲೇ ಇಲ್ಲ. ಪಿಸ್ತೂಲು ಮಣೆಯ ಮೇಲೆ ನೆಟ್ಟಗೆ ಕೂತಿತ್ತು.

ಐವತ್ತೆರಡು ವರ್ಷದ ಕಾಕಾ ತಲೆ ಬಗ್ಗಿಸಿ, ಬೈಗುಳಕ್ಕೆ ಕಾಯುವ ಕೂಸಿನ ಹಾಗೆ ನಿಂತಿದ್ದ. ಆಯಿ ಅವನ ಎಡಗೈಯನ್ನೇ ನೋಡುತ್ತಿದ್ದಳು. ಪೂಜೆ ಮುಗಿದು ಪ್ರಸಾದದ ಹೊತ್ತಿಗೆ ಕೊಬ್ಬರಿ ಸಕ್ಕರೆಯ ತಾಟು ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗಿಂತ ಮೊದಲು ಅವನನ್ನು ಕರೆದಳು. ಕಾಕಾ ಕೂತು ಬಲಗೈ ಚಾಚಿದ.

ಆಯಿ ಆ ಕೈಯನ್ನು ಮೆಲ್ಲಗೆ ಸರಿಸಿದಳು. "ಆ ಕೈ ತಾ."

ಕಾಕಾ ತಿಳಿಯದವನಂತೆ ನೋಡಿದ. ಆಯಿ ತಾನೇ ಬಾಗಿ ಅವನ ಎಡಗೈಯನ್ನು ಎಳೆದುಕೊಂಡು, ಅಂಗೈ ತುಂಬ ಕೊಬ್ಬರಿ ಸಕ್ಕರೆ ಹಾಕಿ, ಒಂದೊಂದೇ ಬೆರಳು ಮಡಿಚಿದಳು. ಮಣಿಕಟ್ಟಿನ ಮೇಲೆ ಹೆಬ್ಬೆರಳು ಆಡಿಸುತ್ತ ಬಹಳ ಹೊತ್ತು ಹಿಡಿದುಕೊಂಡೇ ಇದ್ದಳು.

"ಈ ಕೈನ ಬರೇ ಕಟ್ಟಿದೆ ಮಗನ. ಇದರಾಗ ಒಮ್ಮೆನೂ ಏನೂ ಹಾಕಲಿಲ್ಲ ನೋಡ ನಾ" ಎಂದಳು.

ನನಗೆ ಅಳು ತಡೆಯಲಾಗಲಿಲ್ಲ. ಕಾಕಾ ಮಾತ್ರ ಅಳಲಿಲ್ಲ. ತಾಯಿಯ ಮುಂದೆ ಕೂತು, ಒಂದು ಚೂರೂ ಕೆಳಗೆ ಬೀಳದ ಹಾಗೆ, ಆ ಕೈಯಿಂದಲೇ ತಿಂದ.