ಅಥಣಿಯಿಂದ ಹಾರಿದ ವಿಮಾನ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕೆದಕುವುದು ಬೇಡ: ಅಥಣಿಯಲ್ಲಿ ವಿಮಾನ ನಿಲ್ದಾಣವಿಲ್ಲವೆಂದು ಗೊತ್ತಿದ್ದೂ ಅಲ್ಲಿಂದ ವಿಮಾನ ಹಾರಿಸಿದ ಪೆದ್ದ ನಾನೇ. ತಪ್ಪಿನಲ್ಲಿ ಅರ್ಧ ಪಾಲು ನನ್ನ ಮೊಬೈಲಿನದು. ಯಾವ ಎರಡು ಊರಿನ ಹೆಸರು ಕೊಟ್ಟರೂ ನಡುವಿನ ವಿಮಾನದ ದೂರ, ಹಾರುವ ವೇಳೆ ಎರಡನ್ನೂ ಹೇಳುವ ಜಾಲತಾಣವೊಂದು ಅದರಲ್ಲಿ ಸಿಕ್ಕಿತ್ತು. ಅಲ್ಲಿ ವಿಮಾನ ಇಳಿಯಲು ಜಾಗವಿದೆಯೇ ಎಂಬ ಚಿಂತೆ ಅದಕ್ಕಿಲ್ಲ. ನಕಾಶೆಯ ಮೇಲೆ ಗೆರೆ ಎಳೆಯುತ್ತದೆ, ಭಾಗಿಸುತ್ತದೆ, ಮುಗಿಯಿತು. ಶೇಡಬಾಳದಿಂದ ಮುಗಳಖೋಡಕ್ಕೂ ನಾನು ವಿಮಾನ ಬಿಟ್ಟು ನೋಡಿದ್ದೇನೆ. ಸೀಟ್ ಬೆಲ್ಟ್ ಕಟ್ಟಿಕೊಳ್ಳುವಷ್ಟರಲ್ಲಿ ಇಳಿಯಬೇಕು.

ಮನೆಯಲ್ಲಿ ನಾವು ಮೂರೇ ಜನ: ಅವ್ವ, ಅಕ್ಕ, ನಾನು. ನರ್ಸಿಂಗ್ ಮುಗಿಸಿದ ಅಕ್ಕನಿಗೆ ಅಸ್ಸಾಮಿನ ದಿಬ್ರುಗಡದ ಆಸ್ಪತ್ರೆಯೊಂದರಲ್ಲಿ ನೌಕರಿ ಸಿಕ್ಕಿತು. ದೂರದ ಊರು ಎಂದಷ್ಟೇ ಕೇಳಿ ಅವ್ವ ಒಲ್ಲೆನೆಂದಳು. ಹಾಜರಾಗದಿದ್ದರೆ ನೌಕರಿ ಹೋಗುತ್ತದೆ. ಅಕ್ಕ ಮುಖ ಊದಿಸಿಕೊಂಡು ಕುಳಿತಳು. ಆಗ ನಾನು ನಡುವೆ ಬಾಯಿ ಹಾಕಿದೆ. ಬಸ್ ಕಂಡಕ್ಟರನ ಕೂಗಿನಿಂದ ಹಿಡಿದು ಸೋದರಮಾವನ ಆಕಳಿಕೆಯವರೆಗೆ ನಾನು ಅನುಕರಿಸದ ದನಿಯಿಲ್ಲ. ನನ್ನದು ಯಾವುದೆಂದು ನನಗೇ ಮರೆತುಹೋಗಿದೆ. ಮೂಗು ಹಿಡಿದು ಗಗನಸಖಿಯಾದೆ.

“ಅಥಣಿಯಿಂದ ದಿಬ್ರುಗಡ, ಬರೇ ಮೂರು ತಾಸು. ಎಲ್ಲಾರೂ ಬೆಲ್ಟ್ ಬಿಗೀರಿ!”

“ಮೂರ ತಾಸಾ?” ಅವ್ವನ ಮುಖ ಸಡಿಲಾಯಿತು. “ನಿಪ್ಪಾಣಿ ಬಸ್ಸಿಗೂ ಅಷ್ಟ ಹಿಡಿತೈತಿ. ಗಡ ಅಂದ್ರ ನಮ್ಮ ಸಾಮಾನಗಡದ ಬಾಜೂಕ ಏನೋ?”

ನಮ್ಮ ಕಡೆಯವರಿಗೆ ಗಡ ಎಂದರೆ ಗುಡ್ಡದ ಮೇಲಿನ ಹಳೆಯ ಕೋಟೆ. ಮುಂಜಾನೆ ಹೋದರೆ ಸಂಜೆಗೆ ಮನೆ. “ಅದರ ಆಚಿ ಕಡೆ ಬೇ,” ಎಂದೆ. ಸುಳ್ಳೇನಲ್ಲ. ಭೂಮಿ ದುಂಡಗಿದೆ, ಹೋಗುತ್ತ ಹೋದರೆ ಎಲ್ಲ ಊರೂ ಸಾಮಾನಗಡದ ಆಚೆಗೇ. ಅವ್ವ ಹೂಂ ಅಂದಳು.

ಹೊರಡುವ ದಿನ ಮುಂಜಾನೆ ಅವ್ವ ಮೆತ್ತನ್ನ ರೊಟ್ಟಿ, ಝುಣಕ, ಮೊಸರು ಕಟ್ಟುತ್ತಿದ್ದಳು.

“ಮೊಸರ ಬ್ಯಾಡ ಬೇ, ನಾಳಿಕ್ಕ ಹುಳಿ ಆಗತೈತಿ,” ಎಂದುಬಿಟ್ಟಳು ಅಕ್ಕ.

“ಮೂರ ತಾಸಿನ ದಾರ್ಯಾಗ ನಾಳಿ ಎಲ್ಲಿಂದ ಬಂತ?”

ಅಕ್ಕ ಎಲ್ಲ ಹೇಳಿದಳು: ಬೆಳಗಾವಿಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ವಿಮಾನ, ರಾತ್ರಿ ಅಲ್ಲೇ ವಸ್ತಿ, ಮರುದಿನ ಕೋಲ್ಕತ್ತಾ, ಅಲ್ಲಿಂದ ಅಸ್ಸಾಂ. “ಗುಡ್ಡದ ಮ್ಯಾಲಿನ ಕೋಟಿ-ಗೀಟಿ ಏನಿಲ್ಲ ಬೇ, ಅದು ದೇಶದ ಆಚಿ ಮೂಲಿ.”

ಇಬ್ಬರೂ ನನ್ನತ್ತ ತಿರುಗಿದರು. ನಾನು ಮೂಗು ಹಿಡಿದು, “ಹವಾ ಕೆಟ್ಟೈತಿ, ವಿಮಾನ ತಡಾ ಆಗತೈತಿ,” ಎಂದೆ. ಯಾರೂ ನಗಲಿಲ್ಲ. ಅವ್ವ ಬುತ್ತಿಯ ಗಂಟು ಬಿಚ್ಚತೊಡಗಿದಳು. ಅಕ್ಕನ ನೌಕರಿ ಹೋಯಿತು, ಕಳೆದವನು ನಾನು ಎಂದುಕೊಂಡು ಬಾಗಿಲಿನ ಕಡೆ ಸರಿದೆ. ಅವ್ವ ಮೊಸರಿನ ಡಬ್ಬಿ ತೆಗೆದು ಬದಿಗಿಟ್ಟಳು. ಖಡಕ್ ರೊಟ್ಟಿಯ ಬುಟ್ಟಿ ಇಳಿಸಿ, ಹತ್ತು ದಿನ ಕೆಡದಂಥ ಶೇಂಗಾ ಚಟ್ನಿಯ ಜೊತೆ ಮತ್ತೆ ಗಂಟು ಬಿಗಿದಳು.

“ಅಂದ್ರ ಅಕ್ಕ ಹೋಗಲೇನ ಬೇ? ಮೊದಲ ದೂರ ಅಂತ ಅಕಿನ್ನ ಹಿಡದಿದ್ದಿ?” ಎಂದೆ, ನನ್ನ ಸ್ವಂತ ದನಿಯಲ್ಲಿ.

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ದೂರ ಅಂತ ಯಾರ ಹಿಡದಿದ್ರೋ? ಅಕಿ ಹೋದ್ಮ್ಯಾಗ ಈ ಮನ್ಯಾಗ ನಿನ್ನ ಕೂಡ ನಾ ಒಬ್ಬಾಕಿನ ಇರಬೇಕಲ್ಲ, ಅದಕ್ಕ ಹಿಡದಿದ್ನಿ!”